ಪ್ರತಿ: ಮಿಲೇನಿಯಂ ಬರ ನನ್ನ ಗ್ರಾಫಿನಲ್ಲಿ ಯಾಕೆ ಕಾಣಿಸುತ್ತಿಲ್ಲ?

ನೀವು ಇಡೀ ಆಸ್ಟ್ರೇಲಿಯಾದ ವಾರ್ಷಿಕ ಸರಾಸರಿ ಮಳೆ ಹಾಕಿರಬೇಕು. ಫೈಲ್ ನೋಡಿಲ್ಲ, ಆದರೆ 2000ನೇ ಇಸವಿ ಅಷ್ಟು ಎತ್ತರಕ್ಕೆ ಹೋಗಿದೆ ಎಂದಿದ್ದೀರಲ್ಲ, ಅದೇ ಸುಳಿವು. ಆ ವರ್ಷ ಉತ್ತರದಲ್ಲಿ ಭರ್ಜರಿ ಮಳೆ. ಮಿಲೇನಿಯಂ ಬರ ಎಂದರೆ 1997ರಿಂದ 2009ರವರೆಗಿನ ಬರ, ಅದರಲ್ಲಿ ಒಣಗಿದ್ದು ಆಗ್ನೇಯ ಭಾಗ. ಎರಡನ್ನೂ ಕೂಡಿಸಿದರೆ ಬರ ಮುಚ್ಚಿಹೋಗುತ್ತದೆ.

ಮೊದಲು ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ತಾಣದಲ್ಲಿ ಪ್ರದೇಶ ಬದಲಿಸಿ: ಮರ್ರೆ-ಡಾರ್ಲಿಂಗ್ ಕಣಿವೆ, ವಿಕ್ಟೋರಿಯಾ, ನೈಋತ್ಯ ಮೂಲೆ, ಪ್ರತ್ಯೇಕವಾಗಿ. ಆಮೇಲೆ ದಕ್ಷಿಣಕ್ಕೆ ಏಪ್ರಿಲ್‌ನಿಂದ ಅಕ್ಟೋಬರ್ ಮಾತ್ರ ಇಟ್ಟುಕೊಳ್ಳಿ, ಅಲ್ಲಿನ ಬೆಳೆಗೂ ಜಲಾಶಯಕ್ಕೂ ಆಧಾರ ಆ ಮಳೆಯೇ. (ಉತ್ತರಕ್ಕೆ ಇದೇ ತಿಂಗಳು ಹಾಕಬೇಡಿ, ಅಲ್ಲಿ ಅದು ಬಹುಪಾಲು ಒಣಗಾಲ.)

ನಂತರ ಮಿಲಿಮೀಟರ್ ಬಿಟ್ಟು, 1900ರಿಂದೀಚಿನ ಅದೇ ಅವಧಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ಕೆಳಗಿನ ಶೇ. 10ರೊಳಗೆ ಬಿದ್ದರೆ ಗಂಭೀರ ಕೊರತೆ, ಶೇ. 5ರೊಳಗಾದರೆ ತೀವ್ರ. ಒಂದು ಎಚ್ಚರಿಕೆ: ಹೀಗೆ ಒಂದೊಂದೇ ವರ್ಷ ಎಣಿಸಿದರೆ ಎಲ್ಲಾ ಕಡೆಯೂ ‘ಹತ್ತು ವರ್ಷಕ್ಕೊಮ್ಮೆ ಬರ’ ಎಂದೇ ಬರುತ್ತದೆ, ಲೆಕ್ಕವೇ ಹಾಗಿದೆ. ಆದ್ದರಿಂದ ಮೂರು ವರ್ಷದ ಮೊತ್ತವನ್ನೂ ಹೀಗೇ ಜೋಡಿಸಿ ನೋಡಿ. ಮರ್ರೆ-ಡಾರ್ಲಿಂಗ್ ಕಣಿವೆಯಲ್ಲಿ 2017–19 ಅದರಲ್ಲಿ ಎದ್ದು ಕಾಣುತ್ತದೆ.

ಆಸ್ಟ್ರೇಲಿಯಾದಲ್ಲಿ ‘18 ವರ್ಷಕ್ಕೊಮ್ಮೆ ತೀವ್ರ ಬರ’ ಎಂಬ ಮಾತನ್ನು ಪ್ರಾಜೆಕ್ಟಿನಲ್ಲಿ ಹಾಕುವುದಾದರೆ ಅದು ಸರಾಸರಿ ಮಾತ್ರ, ಒಂದು ಬರದಿಂದ ಇನ್ನೊಂದಕ್ಕೆ ಅಂತರ 4ರಿಂದ 38 ವರ್ಷದವರೆಗೆ ಇತ್ತು ಎಂಬುದನ್ನೂ ಸೇರಿಸಿ. ಎಲ್ ನಿನೊ (ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವ ಭಾಗದ ನೀರು ಹೆಚ್ಚು ಬಿಸಿಯಾಗುವುದು) ವರ್ಷಗಳನ್ನೇ ಬರದ ವರ್ಷ ಎಂದು ಗುರುತು ಹಾಕಬೇಡಿ. 1982–83ರಲ್ಲಿ ಹೊಂದುತ್ತದೆ, 1997ರಲ್ಲಿ ಎಲ್ ನಿನೊ ಬಲವಾಗಿದ್ದರೂ ಪೆಟ್ಟು ನಿರೀಕ್ಷೆಗಿಂತ ಕಡಿಮೆ. 2019ಕ್ಕೆ ಹಿಂದೂ ಮಹಾಸಾಗರದ ಡೈಪೋಲ್ ಸೂಚ್ಯಂಕವನ್ನು (ಆ ಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ನೀರಿನ ಉಷ್ಣಾಂಶದ ವ್ಯತ್ಯಾಸ) ಪಕ್ಕದಲ್ಲಿಟ್ಟು ನೋಡಿ.