ಹಳೆಯ ಲ್ಯಾಪ್‌ಟಾಪ್‌ನ ಕ್ಯಾಮೆರಾದಲ್ಲಿ ಮಕ್ಕಳೊಂದಿಗೆ ತಮಾಷೆಯ ಫೋಟೊ, ವಿಡಿಯೊ ಮಾಡಬಹುದೇ?

ದಸರಾ ರಜೆಗೆ ಅಕ್ಕನ ಮಕ್ಕಳು ಬರುತ್ತಿದ್ದಾರೆ, ಮೊಬೈಲ್ ಅವರ ಕೈಗೆ ಕೊಡಲು ಮನಸ್ಸಿಲ್ಲ, ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಬಿದ್ದಿದೆ, ಅದರ ಕ್ಯಾಮೆರಾದಲ್ಲಿ ಏನಾದರೂ ಮಜಾ ಮಾಡಬಹುದೇ, ಯಾವ ಸಾಫ್ಟ್‌ವೇರ್ ಬೇಕು ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು, ಅದೂ ಬಿಡಿಗಾಸು ಖರ್ಚಿಲ್ಲದೆ. ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಸೇರುವ ಮಕ್ಕಳ ದಂಡಿಗೆ ನಾನೇ ಕ್ಯಾಮೆರಾ ಮಾವ. ಅವರ ಕಾಟದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತೇನೆ.

ಚಂದದ ಫೋಟೊ ಬೇಕೆಂದರೆ ಆ ಕ್ಯಾಮೆರಾವನ್ನು ಮರೆತುಬಿಡಿ. ಕೆಲವೇ ಮಿಲಿಮೀಟರ್ ದಪ್ಪದ ಮುಚ್ಚಳದೊಳಗೆ ಹುದುಗಿ ಕೂರಬೇಕಾದ್ದರಿಂದ ಅದರ ಲೆನ್ಸು, ಬೆಳಕನ್ನು ಚಿತ್ರವಾಗಿಸುವ ಸೆನ್ಸರು ಎರಡೂ ತೀರಾ ಪುಟ್ಟವು. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು 720ಪಿ, ಅಂದರೆ ಅಡ್ಡಕ್ಕೆ 1280, ನೇರಕ್ಕೆ 720 ಚುಕ್ಕಿಗಳು. ಎಲ್ಲ ಸೇರಿ ಒಂಬತ್ತು ಲಕ್ಷ ಚಿಲ್ಲರೆ. ಮೊಬೈಲಿನ 12 ಮೆಗಾಪಿಕ್ಸೆಲ್ ಎಂದರೆ ಒಂದು ಕೋಟಿ ಇಪ್ಪತ್ತು ಲಕ್ಷ. ಸ್ಪರ್ಧೆಯ ಮಾತೇ ಇಲ್ಲ. ಆದರೆ ಮೊಬೈಲಿಗಿಲ್ಲದ ಎರಡು ಗುಣ ಅದಕ್ಕಿವೆ. ಇಟ್ಟಲ್ಲಿ ತಾನೇ ನಿಲ್ಲುತ್ತದೆ, ಹಿಡಿಯಲು ಯಾರೂ ಬೇಕಿಲ್ಲ. ಜೊತೆಗೆ ಕೋಣೆಯ ಆ ಕೊನೆಯಲ್ಲಿ ನಿಂತವರಿಗೂ ತಮ್ಮ ಮುಖ ಕಾಣುವಷ್ಟು ದೊಡ್ಡ ಪರದೆ ಅದರ ಕೆಳಗೇ ಇದೆ. ನಾನು ಹೇಳುವ ಆಟಗಳೆಲ್ಲ ಈ ಎರಡರ ಮೇಲೆಯೇ ನಿಂತಿವೆ.

ಈ ಕ್ಯಾಮೆರಾಗಳ ವಂಶದ ಹಿರಿಯನೂ ಸುಮ್ಮನೆ ನಿಂತೇ ಹೆಸರು ಮಾಡಿದವನು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ತಮ್ಮ ಕಾಫಿ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ನಿಲ್ಲಿಸಿದರು. ಕಟ್ಟಡದ ಬೇರೆ ಮೂಲೆಯಲ್ಲಿದ್ದವರು ಅಷ್ಟು ದೂರ ನಡೆದು ಬಂದು ಖಾಲಿ ಪಾತ್ರೆ ನೋಡಿ ಹಿಂದಿರುಗುವುದು ತಪ್ಪಲಿ ಎಂದು ಈ ಏರ್ಪಾಡು. ಚಿತ್ರ 128 ಚುಕ್ಕಿ ಅಗಲ, 128 ಚುಕ್ಕಿ ಎತ್ತರ, ಬಣ್ಣವೂ ಇಲ್ಲ. 1993ರಲ್ಲಿ ಅದು ಅಂತರಜಾಲಕ್ಕೆ ಬಂತು, 2001ರವರೆಗೂ ನಡೆಯಿತು. ಕಾಫಿ ಇದೆಯೋ ಮುಗಿಯಿತೋ ಎಂಬುದನ್ನು ಅಷ್ಟು ವರ್ಷ ದೇಶವಿದೇಶದ ಜನ ಇಣುಕಿ ನೋಡಿದರು! ನಿಮ್ಮ 720ಪಿ ಅದಕ್ಕಿಂತ ಎಷ್ಟೋ ಮೇಲು.

ಮೊದಲು ಬೆಳಕನ್ನು ಸರಿ ಮಾಡಿಕೊಳ್ಳಿ. ಕಿಟಕಿ ಮಕ್ಕಳ ಬೆನ್ನಿಗಲ್ಲ, ಮುಖಕ್ಕೆ ಇರಬೇಕು. ಬೆಳಕು ಸಾಲದಿದ್ದರೆ ಪುಟ್ಟ ಸೆನ್ಸರ್ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 30 ಚಿತ್ರ ಹಿಡಿಯಬೇಕಾದದ್ದು 15ಕ್ಕೆ ಇಳಿಯುತ್ತದೆ, ಕೈ ಬೀಸಿದರೆ ಕೈಯೇ ಕಾಣದೆ ಬರೀ ಮಸುಕು ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಇನ್ನೊಂದು ತೊಂದರೆ ಉಂಟು: ಪರದೆಯ ಮೇಲೆ ಕಪ್ಪು ಪಟ್ಟಿಗಳು ನಿಧಾನವಾಗಿ ಏರಿಳಿಯುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವಂಥದು. ಒಂದೊಂದು ಸಲಕ್ಕೆ ಎರಡು ಬಾರಿಯಂತೆ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕ್ಯಾಮೆರಾ ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಕೊಂಡಿದ್ದರೆ ಎರಡಕ್ಕೂ ತಾಳ ತಪ್ಪುತ್ತದೆ. ವಿಂಡೋಸ್‌ನ ಕ್ಯಾಮೆರಾ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಫ್ಲಿಕರ್ ರಿಡಕ್ಷನ್’ ಎಂದಿದ್ದರೆ ಅಲ್ಲಿ 50 ಆರಿಸಿ, ಪಟ್ಟಿಗಳು ಮಾಯವಾಗುತ್ತವೆ.

ಸಾಫ್ಟ್‌ವೇರ್ ವಿಷಯಕ್ಕೆ ಬರುತ್ತೇನೆ. ಮ್ಯಾಕ್ ಆಗಿದ್ದರೆ ಹುಡುಕುವ ಕೆಲಸವಿಲ್ಲ, ಫೋಟೊ ಬೂತ್ ಅದರೊಳಗೇ ಇದೆ. ಐಮ್ಯಾಕ್‌ನೊಳಗೆ ಕ್ಯಾಮೆರಾ ಕೂರಿಸಿದ 2005ರಲ್ಲೇ ಆಪಲ್ ಇದನ್ನೂ ಕೊಟ್ಟಿತು. ಮೂರು ಎಣಿಸುತ್ತದೆ, ಪರದೆ ಪೂರ್ತಿ ಬೆಳ್ಳಗಾಗಿ ಫ್ಲ್ಯಾಶ್‌ನ ಕೆಲಸ ಮಾಡುತ್ತದೆ, ಫೋಟೊ ಬೀಳುತ್ತದೆ. ಎಣಿಕೆ ಬೇಡವೆಂದರೆ ಆಪ್ಷನ್ ಕೀ ಒತ್ತಿ ಹಿಡಿದು ಕ್ಲಿಕ್ ಮಾಡಿ. ನಾಲ್ಕು ಫೋಟೊಗಳನ್ನು ಒಂದರ ಹಿಂದೊಂದು ತೆಗೆಯುವ ಏರ್ಪಾಡೂ ಇದೆ, ಅದು ನನಗೆ ಬಹಳ ಇಷ್ಟ. 1925ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅನಟೋಲ್ ಜೋಸೆಫೊ ತೆರೆದ ಫೋಟೊ ಪೆಟ್ಟಿಗೆಯಲ್ಲಿ 25 ಸೆಂಟ್ ಹಾಕಿದರೆ ಎಂಟು ಫೋಟೊಗಳ ಪಟ್ಟಿ ಬರುತ್ತಿತ್ತಂತೆ. ಮೊದಲನೆಯದರಲ್ಲಿ ಗಂಭೀರವಾಗಿ ಕೂತವರು ಕೊನೆಯದರ ಹೊತ್ತಿಗೆ ಏನಾಗಿರುತ್ತಿದ್ದರೋ, ಮಕ್ಕಳ ನಾಲ್ಕು ಫೋಟೊ ನೋಡಿದರೆ ಊಹಿಸಬಹುದು. ಲಿನಕ್ಸ್‌ನಲ್ಲಿ ಚೀಸ್ ಎಂಬುದು ಇದೇ ಕೆಲಸ ಮಾಡುತ್ತದೆ. ವಿಂಡೋಸ್‌ನ ಕ್ಯಾಮೆರಾ ಆ್ಯಪ್ ಸಪ್ಪೆ, ಆದರೆ ಟೈಮರ್ ಇದೆ, ವಿಡಿಯೊ ಇದೆ, ನಮ್ಮ ಆಟಕ್ಕೆ ಅಷ್ಟು ಸಾಕು. ವಿಡಿಯೊ ಕತ್ತರಿಸಿ ಜೋಡಿಸಲು ಶಾಟ್‌ಕಟ್ ಹಾಕಿಕೊಳ್ಳಿ. ಉಚಿತ, ಮೂರೂ ಕಡೆ ನಡೆಯುತ್ತದೆ.

ಫೋಟೊ ಬೂತ್‌ನಲ್ಲಿರುವ ಮೂಗು ಉಬ್ಬಿಸುವ, ಮುಖ ತಿರುಚುವ, ತಲೆಯ ಸುತ್ತ ಹಕ್ಕಿ ಹಾರಿಸುವ ಎಫೆಕ್ಟ್‌ಗಳನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ, ಹೇಳಿಕೊಡಬೇಕಿಲ್ಲ. ಅದರ ಮಜಾ ಕಾಲು ಗಂಟೆಯದು. ಆಮೇಲೆ ‘ಬೋರು’ ಎಂಬ ರಾಗ ಶುರುವಾಗುತ್ತದೆ. ಆಗ ಬೇಕಾಗುವ ಆಟಗಳೇ ಬೇರೆ.

ನನ್ನ ಮೊದಲ ಆಯ್ಕೆ, ಅಂಗೈ ಮೇಲೆ ತಂಗಿಯನ್ನು ನಿಲ್ಲಿಸುವ ಫೋಟೊ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ ಎಂಬುದಷ್ಟೇ ಇದರ ಗುಟ್ಟು. ಆದರೆ ದೊಡ್ಡ ಕ್ಯಾಮೆರಾಗಳಲ್ಲಿ ಹತ್ತಿರದ ಕೈ ಸ್ಪಷ್ಟವಾದರೆ ದೂರದ ಹುಡುಗಿ ಮಸುಕಾಗುತ್ತಾಳೆ, ಮೋಸ ಬಯಲಾಗುತ್ತದೆ. ಲ್ಯಾಪ್‌ಟಾಪ್‌ನ ಪುಟ್ಟ ಸೆನ್ಸರ್‌ಗೆ ಎರಡೂ ಹೆಚ್ಚುಕಡಿಮೆ ಒಂದೇ ಸ್ಪಷ್ಟತೆಯಲ್ಲಿ ಸಿಗುತ್ತವೆ. ಬಡ ಕ್ಯಾಮೆರಾ ಗೆಲ್ಲುವ ಜಾಗ ಇದು! ಅಣ್ಣ ಕ್ಯಾಮೆರಾದಿಂದ ಮೊಳ ದೂರದಲ್ಲಿ ಅಂಗೈ ಚಾಚಲಿ, ತಂಗಿ ಹಜಾರದ ಆ ತುದಿಗೆ, ಹದಿನೈದು ಅಡಿ ಆಚೆಗೆ ಹೋಗಲಿ. ಪರದೆಯಲ್ಲಿ ತಾನು ಎಲ್ಲಿದ್ದೇನೆ ಎಂಬುದು ಅವಳಿಗೇ ಕಾಣುವುದರಿಂದ ‘ಎಡಕ್ಕೆ ಹೋಗು, ಬಲಕ್ಕೆ ಬಾ’ ಎಂದು ಕೂಗಾಡಬೇಕಿಲ್ಲ. ಅವಳ ಪಾದ ಅಣ್ಣನ ಬೆರಳುಗಳ ಹಿಂದೆ ಕೂದಲೆಳೆಯಷ್ಟು ಮರೆಯಾಗಬೇಕು. ಪಾದದ ಕೆಳಗೆ ನೆಲ ಇಣುಕಿದರೆ ಭ್ರಮೆ ಒಡೆಯಿತು. ಅಣ್ಣ ಅವಳತ್ತ ಹಿಂದಿರುಗಿ ನೋಡಬಾರದು, ತನ್ನ ಅಂಗೈಯನ್ನೇ ನೋಡಬೇಕು. ಕೊನೆಗೆ ಅವನು ಕೈ ಮೇಲೆ ಉಫ್ ಎಂದು ಊದಬೇಕು, ಅವಳು ಹಿಂದಕ್ಕೆ ತೂರಾಡಬೇಕು. ಇದನ್ನು ವಿಡಿಯೊ ಮಾಡಿದರೆ ಅಜ್ಜಿಯಂದಿರೂ ಎದ್ದು ಬಂದು ನೋಡುತ್ತಾರೆ.

ಎರಡನೆಯದು ಅವಳಿ. ಲ್ಯಾಪ್‌ಟಾಪ್ ಅಲುಗಾಡದಂತೆ ಮೇಜಿನ ಮೇಲಿಡಿ. ಒಬ್ಬನೇ ಹುಡುಗ ಮೊದಲು ಎಡಗಡೆ ಕುಳಿತು ಖಾಲಿ ಕುರ್ಚಿಯೊಂದಿಗೆ ಜಗಳ ಆಡಲಿ, ಆಮೇಲೆ ಅಂಗಿ ಬದಲಿಸಿ ಬಲಗಡೆ ಕುಳಿತು ಉತ್ತರ ಕೊಡಲಿ. ಶಾಟ್‌ಕಟ್‌ನಲ್ಲಿ ಎರಡನೆಯ ವಿಡಿಯೊವನ್ನು ಮೊದಲನೆಯದರ ಮೇಲಿನ ಟ್ರ್ಯಾಕ್‌ನಲ್ಲಿ, ಅಂದರೆ ಮೇಲಿನ ಸಾಲಿನಲ್ಲಿಟ್ಟು ಅದರ ಎಡ ಅರ್ಧವನ್ನು ಕ್ರಾಪ್ ಮಾಡಿದರೆ (ಕತ್ತರಿಸಿ ತೆಗೆದರೆ) ಇಬ್ಬರೂ ಒಂದೇ ಕೋಣೆಯಲ್ಲಿ ಪ್ರತ್ಯಕ್ಷ. ಕೂಡುಗೆರೆ ಬರಿಗೋಡೆಯ ಮೇಲೆ ಬಂದರೆ ಕಣ್ಣಿಗೆ ಹೊಡೆಯುತ್ತದೆ, ಬಾಗಿಲಿನ ಚೌಕಟ್ಟಿನ ಮೇಲೋ ಕಿಟಕಿಯ ಪರದೆಬಟ್ಟೆಯ ಅಂಚಿನ ಮೇಲೋ ಬರುವಂತೆ ಕೂರಿಸಿ. ಎರಡೂ ವಿಡಿಯೊಗಳ ನಡುವೆ ಮೋಡ ಬಂದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಈ ಆಟವೊಂದಕ್ಕೆ ಮಾತ್ರ ಕಿಟಕಿ ಮುಚ್ಚಿ ದೀಪ ಹಾಕಿಕೊಳ್ಳುವುದು ಒಳ್ಳೆಯದು. ಅಂಗಿಗಳಲ್ಲಿ ಒಂದು ಅಚ್ಚ ಬಿಳಿ, ಇನ್ನೊಂದು ಕಡುಗಪ್ಪು ಆದರೆ ಕ್ಯಾಮೆರಾ ತಾನೇ ಬೆಳಕನ್ನು ಏರಿಳಿಸಿ ಗೋಡೆಯ ಬಣ್ಣವನ್ನೇ ಬದಲಿಸಿಬಿಡುತ್ತದೆ. ಮಧ್ಯಮ ಬಣ್ಣದ ಅಂಗಿಗಳೇ ವಾಸಿ.

ಮೂರನೆಯದು ಹಿಮ್ಮುಖ ವಿಡಿಯೊ. ಶಾಟ್‌ಕಟ್‌ನಲ್ಲಿ ‘ರಿವರ್ಸ್’ ಎಂಬ ಆಯ್ಕೆ ಇದೆ. ಬಟ್ಟಲಿನ ಮಂಡಕ್ಕಿಯನ್ನು ನೆಲಕ್ಕೆ ಚೆಲ್ಲಿಸಿ, ತಿರುಗಿಸಿ ತೋರಿಸಿ: ಒಂದೊಂದು ಕಾಳೂ ಪುಟಿದೆದ್ದು ಬಟ್ಟಲು ಸೇರುತ್ತದೆ. (ಗುಡಿಸುವ ಕೆಲಸ ಮಾತ್ರ ಹಿಮ್ಮುಖವಾಗಿ ನಡೆಯುವುದಿಲ್ಲ, ಪೊರಕೆ ಯಾರ ಕೈಗೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.) ಇನ್ನೂ ಸೊಗಸಾಗಬೇಕಾದರೆ ಒಬ್ಬ ಕಾಗದ ಹರಿಯುತ್ತಿರುವಾಗ ಇನ್ನೊಬ್ಬ ಅವನ ಹಿಂದೆ ಹಿಮ್ಮುಖವಾಗಿ ನಡೆದು ಹೋಗಲಿ. ತಿರುಗಿಸಿದಾಗ ನಡೆಯುವವನು ಸಹಜವಾಗಿ ಮುಂದಕ್ಕೇ ನಡೆಯುತ್ತಾನೆ, ಕಾಗದ ಮಾತ್ರ ತಾನಾಗಿ ಕೂಡಿಕೊಳ್ಳುತ್ತದೆ. ಮಾತನ್ನೂ ತಿರುಗಿಸಿ ಕೇಳಿಸಿ. ವಿಕಟಕವಿ ಹೇಗೆ ಓದಿದರೂ ವಿಕಟಕವಿ ಎಂದು ಶಾಲೆಯಲ್ಲಿ ಕಲಿತಿರುತ್ತಾರಲ್ಲ, ಧ್ವನಿ ತಿರುಗಿಸಿದರೆ ಅದು ‘ಇವಕಟಕಿವ್’ ಎಂದು ಕೇಳಿಸುತ್ತದೆ. ಅಮ್ಮ, ಅಣ್ಣ ಎರಡೂ ಮಾತ್ರ ತಿರುಗಿಸಿದರೂ ಹಾಗೆಯೇ ಇರುತ್ತವೆ. ನಮ್ಮ ಮನೆಯ ಮಕ್ಕಳು ಇದನ್ನು ನಂಬದೆ ಪದೇ ಪದೇ ಕೇಳಿ ಮಧ್ಯಾಹ್ನವೆಲ್ಲ ಕಳೆದರು.

ದಸರಾ ಎಂದಿರಲ್ಲ, ಗೊಂಬೆ ಕೂರಿಸುವ ಮನೆಯಾದರೆ ಸ್ಟಾಪ್ ಮೋಷನ್ ಮಾಡದೆ ಬಿಡಬೇಡಿ. ಗೊಂಬೆಯನ್ನು ಬೆರಳಗಲ ಸರಿಸುವುದು, ಒಂದು ಫೋಟೊ, ಮತ್ತೆ ಸರಿಸುವುದು, ಮತ್ತೊಂದು ಫೋಟೊ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ, ಮಕ್ಕಳ ಆಟಕ್ಕೆ ಎಂಟು ಸಾಕು. ಹತ್ತು ಸೆಕೆಂಡಿನ ಕಥೆಗೆ 80 ಫೋಟೊ. ಸ್ಟಾಪ್ ಮೋಷನ್ ಸ್ಟುಡಿಯೊ ಎಂಬ ಆ್ಯಪ್‌ನಲ್ಲಿ ಹಿಂದಿನ ಚಿತ್ರ ಮಸುಕಾಗಿ ಕಾಣುತ್ತಿರುತ್ತದೆ, ಎಷ್ಟು ಸರಿಸಿದೆವು ಎಂದು ಅದರಿಂದ ಗೊತ್ತಾಗುತ್ತದೆ. ಬೆಲೆ ಕಟ್ಟಲಾಗದ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲೇ ಬಿಡಿ. ನಟರಾಗಲು ಚನ್ನಪಟ್ಟಣದ ಮರದ ಗೊಂಬೆಗಳೇ ಸರಿ, ಬಿದ್ದರೂ ಒಡೆಯುವುದಿಲ್ಲ. ತಳ ಉರುಟಾಗಿ ಉರುಳುವಂತಿದ್ದರೆ ಚಪಾತಿ ಹಿಟ್ಟಿನ ಪುಟ್ಟ ಉಂಡೆ ಒತ್ತಿ ನಿಲ್ಲಿಸಿ. ಗೊಂಬೆ ಕ್ಯಾಮೆರಾಕ್ಕೆ ತೀರಾ ಹತ್ತಿರ ಬಂದರೆ ಮಸುಕಾಗುತ್ತದೆ, ಈ ಲೆನ್ಸುಗಳು ಸಾಮಾನ್ಯವಾಗಿ ಫೋಕಸ್ ಬದಲಿಸುವುದಿಲ್ಲ. ಮುಖ್ಯವಾದ ಸಂಗತಿ, ಕೀಬೋರ್ಡ್ ಒತ್ತಿ ಫೋಟೊ ತೆಗೆಯಬೇಡಿ. ಪ್ರತಿ ಒತ್ತಿಗೂ ಮುಚ್ಚಳ ನಡುಗಿ ಚಿತ್ರ ಕುಣಿಯುತ್ತದೆ. ಹೊರಗಿನಿಂದ ಒಂದು ಮೌಸ್ ಜೋಡಿಸಿ, ಕ್ಲಿಕ್ ಮಾಡುವ ಹುದ್ದೆಯನ್ನು ಅತಿ ಚಿಕ್ಕವರಿಗೆ ಕೊಡಿ. ಆ ಹುದ್ದೆಗೆ ಭಾರಿ ಪೈಪೋಟಿ ಇರುತ್ತದೆ.

ಗೊಂಬೆಗಳಿಲ್ಲದಿದ್ದರೆ ಮಕ್ಕಳೇ ಗೊಂಬೆಗಳು. ಹಜಾರದ ನೆಲದಲ್ಲಿ ಸಾಲಾಗಿ ಕುಳಿತು, ಮುಂದಿನವನು ಊಟದ ತಟ್ಟೆಯನ್ನು ಸ್ಟೀರಿಂಗಿನಂತೆ ಹಿಡಿದು, ಪ್ರತಿ ಫೋಟೊಗೂ ಎಲ್ಲರೂ ಗೇಣು ಗೇಣು ಮುಂದೆ ಜರುಗಿದರೆ ಚಕ್ರವಿಲ್ಲದ ಬಸ್ಸು ಮನೆ ತುಂಬ ಓಡುತ್ತದೆ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲಲು ಮರೆಯಬಾರದು. ಕಂಡಕ್ಟರ್ ಮಾತ್ರ ನಿಂತೇ ಇರಬೇಕು.

ರಾತ್ರಿ ದೀಪ ಆರಿಸಿದ ಮೇಲೂ ಒಂದು ಆಟ ಉಳಿದಿದೆ. ಫೋಟೊ ಬೂತ್ ಪರದೆಯನ್ನು ಬೆಳ್ಳಗೆ ಮಾಡಿ ಫ್ಲ್ಯಾಶ್ ಮಾಡಿಕೊಳ್ಳುತ್ತದಲ್ಲ, ಅದನ್ನೇ ಬಣ್ಣದಲ್ಲಿ ಮಾಡಬಹುದು. ಪರದೆಯ ಬಹುಪಾಲು ಕೆಂಪು ಚಿತ್ರ ತುಂಬಿಸಿ, ಕ್ಯಾಮೆರಾ ಆ್ಯಪ್‌ನ ವಿಂಡೋವನ್ನು ಮೂಲೆಯಲ್ಲಿ ಚಿಕ್ಕದಾಗಿಡಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ. ಮುಖ ಕೆಂಪಗೆ, ಹಿಂದೆಲ್ಲ ಕತ್ತಲೆ. ದೆವ್ವದ ಕಥೆ ಹೇಳುವವರಿಗೆ ಹಸಿರು ಬಣ್ಣ ಇನ್ನೂ ಒಪ್ಪುತ್ತದೆ. ಚುಕ್ಕಿ ಚುಕ್ಕಿಯಾಗಿ ಬಂದರೆ ಬರಲಿ, ದೆವ್ವದ ಚಿತ್ರ ನುಣುಪಾಗಿರಬೇಕೆಂದು ಯಾರು ಹೇಳಿದರು?

ಮಕ್ಕಳ ವಿಡಿಯೊಗಳು ಮನೆಯೊಳಗೇ ಇರಲಿ ಎಂಬುದು ನನ್ನ ಹಟ. ಬಂಧುಗಳಿಗೆ ಕಳುಹಿಸುವುದಾದರೂ ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರೋ ವಿಳಾಸವೋ ಕಾಣುತ್ತಿದೆಯೇ ಎಂದು ಒಮ್ಮೆ ನೋಡಿ. ಆಟ ಮುಗಿದ ಮೇಲೆ ಕ್ಯಾಮೆರಾ ಮುಚ್ಚುವ ಅಭ್ಯಾಸ ಒಳ್ಳೆಯದು, ಆದರೆ ದಪ್ಪನೆಯ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ ಲ್ಯಾಪ್‌ಟಾಪ್ ಮಡಚಬೇಡಿ. ತೆಳುವಾದ ಪರದೆ ಒಡೆಯಬಹುದು ಎಂದು ಆಪಲ್ ಕೂಡ ತನ್ನ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿದೆ. ಕಾಗದದ ಟೇಪಿನ ತುಂಡು ಸಾಕು.

ನಿಮ್ಮ ಲ್ಯಾಪ್‌ಟಾಪ್ ವಿಂಡೋಸೋ ಮ್ಯಾಕೋ, ಎಷ್ಟು ಹಳೆಯದು, ಮೆಮೊರಿ ಎಷ್ಟಿದೆ ಎಂಬುದನ್ನು ಕೆಳಗೆ ತಿಳಿಸಿ. ತೀರಾ ಹಳೆಯದಾದರೆ ಶಾಟ್‌ಕಟ್ ಏದುಸಿರು ಬಿಡುತ್ತದೆ. ಆಗ ಅದರಲ್ಲಿ ಬರೀ ಚಿತ್ರೀಕರಣ ಮಾಡಿ, ಕತ್ತರಿಸಿ ಜೋಡಿಸುವುದನ್ನು ಬೇರೆ ಕಂಪ್ಯೂಟರಿನಲ್ಲಿ ಮಾಡಿಕೊಳ್ಳುವುದು ಒಳ್ಳೆಯದು.