ಬಾಣಂತಿ ಕೋಣೆಯ ಹೀಟರ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಬಹುದೇ?

ಪ್ರಶ್ನೆ: ಮಗಳು ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಳೆ. ಮನೆ ಕಟ್ಟಿ ಮೂವತ್ತು ವರ್ಷ ದಾಟಿದೆ. ಅವಳ ಕೋಣೆಯಲ್ಲಿರುವುದು ಚಿಕ್ಕ ಪ್ಲಗ್ ಪಾಯಿಂಟ್ ಮಾತ್ರ. ಮಗುವಿಗೆ ಚಳಿಯಾಗದಿರಲೆಂದು 2000 ವ್ಯಾಟಿನ ರೂಮ್ ಹೀಟರ್ ತಂದು, ಅದರ ದೊಡ್ಡ ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ, ಎಕ್ಸ್‌ಟೆನ್ಷನ್ ಬಾಕ್ಸ್ ಮೂಲಕ ರಾತ್ರಿಯಿಡೀ ಹಾಕಿರುತ್ತೇವೆ. ಮೊದಲು ಏನೂ ತೊಂದರೆ ಇರಲಿಲ್ಲ. ಈಗ ನಾಲ್ಕು ದಿನದಿಂದ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆ, ಸುಟ್ಟ ವಾಸನೆಯೂ ಬರುತ್ತಿದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಮೇನ್ ಬೋರ್ಡಿನ ಸ್ವಿಚ್) ಒಮ್ಮೆಯೂ ಟ್ರಿಪ್ ಆಗಿಲ್ಲವಾದ್ದರಿಂದ ಹೆದರಬೇಕಿಲ್ಲ ಎಂದು ಮನೆಯವರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಸರಿಯಲ್ಲ. ದಯವಿಟ್ಟು ಇಂದು ರಾತ್ರಿಯಿಂದಲೇ ಆ ಬಾಕ್ಸಿಗೆ ಹೀಟರ್ ಹಾಕುವುದನ್ನು ನಿಲ್ಲಿಸಿ. ಸುಟ್ಟ ವಾಸನೆ ಬಂದಿದೆಯೆಂದರೆ ಒಳಗಿನ ಪ್ಲಾಸ್ಟಿಕ್ ಈಗಾಗಲೇ ಕೆಡತೊಡಗಿದೆ ಎಂದರ್ಥ. ಆ ಬಾಕ್ಸನ್ನೂ ಕನ್ವರ್ಟರನ್ನೂ ಬೇರೆ ಯಾವುದೇ ಕೆಲಸಕ್ಕೆ ಬಳಸದೆ ಎಸೆಯಿರಿ, ಗೋಡೆಯ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಬಿಚ್ಚಿ ನೋಡುವವರೆಗೆ ಅದನ್ನೂ ಮುಟ್ಟಬೇಡಿ.

ನಮ್ಮ ಮನೆಗಳಿಗೆ ಬರುವ 230 ವೋಲ್ಟಿನಲ್ಲಿ 2000 ವ್ಯಾಟಿನ ಹೀಟರ್ ಸುಮಾರು 8.7 ಆಂಪಿಯರ್ ಕರೆಂಟ್ ಎಳೆಯುತ್ತದೆ. ಚಿಕ್ಕ ಪ್ಲಗ್ ಪಾಯಿಂಟುಗಳು ಮತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಎಕ್ಸ್‌ಟೆನ್ಷನ್ ಬಾಕ್ಸುಗಳು ತಡೆಯುವುದು 6 ಆಂಪಿಯರ್ ಮಾತ್ರ. ಹೀಟರಿನ ಪಿನ್ನನ್ನು ದಪ್ಪವಾಗಿ ಮಾಡಿರುವುದೇ ಅದು ಚಿಕ್ಕ ಸಾಕೆಟ್ಟಿಗೆ ಹೋಗಬಾರದೆಂದು; ಕನ್ವರ್ಟರ್ ಆ ಒಂದು ಕಾವಲನ್ನೂ ತೆಗೆದುಹಾಕುತ್ತದೆ. ಮಿಕ್ಸಿ ಎರಡು ನಿಮಿಷ ತಿರುಗಿ ನಿಲ್ಲುತ್ತದೆ, ಇಸ್ತ್ರಿಪೆಟ್ಟಿಗೆ ಕಾದೊಡನೆ ತಾನೇ ಕರೆಂಟನ್ನು ಕಡಿದುಕೊಳ್ಳುತ್ತದೆ. ಹೀಟರಾದರೋ ಆರೇಳು ಗಂಟೆ ಬಿಡುವಿಲ್ಲದೆ ಪೂರ್ತಿ ಕರೆಂಟ್ ಎಳೆಯುತ್ತಲೇ ಇರುವುದರಿಂದ ವೈರಿಗೆ ತಣ್ಣಗಾಗಲು ಅವಕಾಶವೇ ಸಿಗುವುದಿಲ್ಲ.

ಮನೆಯವರು ಎಂಸಿಬಿಯ ಮೇಲಿಟ್ಟಿರುವ ನಂಬಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಬಹಳ ಮನೆಗಳಲ್ಲಿರುವ ನಂಬಿಕೆ. ನಿಮ್ಮಲ್ಲಿ 16 ಆಂಪಿಯರಿನ ಎಂಸಿಬಿ ಇದ್ದರೆ, 8.7 ಆಂಪಿಯರ್ ಅದಕ್ಕೆ ಅರ್ಧದಷ್ಟು ಹೊರೆ ಮಾತ್ರ. ಅದರಾಚೆ ಜೋಡಿಸಿದ ತೆಳುವಾದ ವೈರು ಕಾಯುತ್ತಿರುವುದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೂ ಮುಖ್ಯವಾದದ್ದು ಸಡಿಲವಾದ ಸಂಪರ್ಕ. ಪಿನ್ ಮತ್ತು ಸಾಕೆಟ್ಟಿನ ಹಿತ್ತಾಳೆಯ ಹಿಡಿತ ಸಡಿಲಗೊಂಡು ಅಲ್ಲಿ ಓಮಿನ ಹತ್ತನೇ ಒಂದು ಭಾಗದಷ್ಟು ರೋಧ (ಕರೆಂಟ್ ಹರಿಯುವುದಕ್ಕೆ ಅಡ್ಡಿ) ಉಂಟಾದರೂ ಸಾಕು, ಹುಣಸೆಬೀಜದಷ್ಟು ಜಾಗದಲ್ಲಿ ಏಳೂವರೆ ವ್ಯಾಟ್ ಶಾಖ ಸತತವಾಗಿ ಹುಟ್ಟುತ್ತದೆ. ಆ ಶಾಖಕ್ಕೆ ಹಿತ್ತಾಳೆ ತನ್ನ ಬಿಗಿಯನ್ನು ಇನ್ನಷ್ಟು ಕಳೆದುಕೊಂಡು ಕಪ್ಪಾಗುತ್ತದೆ, ರೋಧ ಹೆಚ್ಚುತ್ತದೆ, ಶಾಖವೂ ಹೆಚ್ಚುತ್ತದೆ. ಮೊದಲು ಸುಮ್ಮನಿದ್ದ ಪ್ಲಗ್ ನಾಲ್ಕು ದಿನದಿಂದ ಕಾಯುತ್ತಿರುವುದು ಬಹುಶಃ ಇದರಿಂದಲೇ. ಇಷ್ಟಾದರೂ ಒಟ್ಟು ಕರೆಂಟ್ ಹೆಚ್ಚದ ಕಾರಣ ಎಂಸಿಬಿ ಟ್ರಿಪ್ ಆಗುವುದಿಲ್ಲ. ಕರೆಂಟ್ ನೆಲಕ್ಕೆ ಸೋರಿದಾಗ ಮಾತ್ರ ಕೆಲಸ ಮಾಡುವ ಆರ್‌ಸಿಸಿಬಿಗೂ ಇದು ತಿಳಿಯುವುದಿಲ್ಲ. ಇಲ್ಲಿ ನಿಮ್ಮ ಮೂಗು ಮತ್ತು ಕೈಗಳು ಕೊಟ್ಟ ಎಚ್ಚರಿಕೆಯೇ ನಿಜವಾದ ಎಚ್ಚರಿಕೆ.

ಶಾಶ್ವತ ಪರಿಹಾರವೆಂದರೆ ಮೇನ್ ಬೋರ್ಡಿನಿಂದ ಆ ಕೋಣೆಗೆ 2.5 ಚದರ ಮಿಲಿಮೀಟರಿನ, ದೂರ ಹೆಚ್ಚಿದ್ದರೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಪ್ರತ್ಯೇಕವಾಗಿ ಎಳೆಸಿ, ಅದಕ್ಕೇ ಒಂದು ಎಂಸಿಬಿ ಇಟ್ಟು, ಅರ್ಥಿಂಗ್ ಸಹಿತವಾದ 16 ಆಂಪಿಯರಿನ ಪವರ್ ಪಾಯಿಂಟ್ ಹಾಕಿಸುವುದು. ಪರವಾನಗಿ ಇರುವವರಿಂದಲೇ ಮಾಡಿಸಿ. ಹಳೆಯ ವೈರನ್ನು ಹಾಗೆಯೇ ಬಿಟ್ಟು ಸಾಕೆಟ್ ಮಾತ್ರ ದೊಡ್ಡದು ಹಾಕಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಆಗ ಬಿಸಿಯಾಗುವ ಜಾಗ ಗೋಡೆಯೊಳಗೆ ಸೇರಿಕೊಳ್ಳುತ್ತದೆ, ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಅಲ್ಲಿಯವರೆಗೆ ತಾಯಿ ಮಗುವನ್ನು ಪವರ್ ಪಾಯಿಂಟ್ ಇರುವ ಕೋಣೆಗೆ ಸ್ಥಳಾಂತರಿಸುವುದೇ ಮೇಲು. ಅದು ಸಾಧ್ಯವಿಲ್ಲದಿದ್ದರೆ, ಬೇರೆ ಕೋಣೆಯ ಪವರ್ ಪಾಯಿಂಟಿನಿಂದ 16 ಆಂಪಿಯರಿನ, ಕನಿಷ್ಠ 1.5 ಚದರ ಮಿಲಿಮೀಟರಿನ ಮೂರೆಳೆ ವೈರಿರುವ ಗಿಡ್ಡನೆಯ ಎಕ್ಸ್‌ಟೆನ್ಷನ್ ಒಂದನ್ನು ಕೆಲವು ದಿನಗಳ ಮಟ್ಟಿಗೆ, ಹೀಟರಿಗೆ ಮಾತ್ರ, ಎಚ್ಚರವಿರುವ ಹೊತ್ತಿನಲ್ಲಿ ಮಾತ್ರ ಬಳಸಬಹುದು. ವೈರನ್ನು ಪೂರ್ತಿ ಬಿಚ್ಚಿ ಹಾಸಬೇಕು. ಸುರುಳಿಯಲ್ಲೇ ಬಿಟ್ಟರೆ ಅಥವಾ ಚಾಪೆಯಡಿ ಸರಿಸಿದರೆ ಶಾಖ ಹೊರಹೋಗದು. ಹೀಟರಿನಲ್ಲಿ 1000 ವ್ಯಾಟಿನ ಗುಂಡಿ ಇದ್ದರೆ ಅದನ್ನೇ ಒತ್ತಿ: ಕರೆಂಟ್ ಅರ್ಧವಾದಾಗ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಲಗುವ ಮುನ್ನ ಒಂದು ಗಂಟೆ ಕೋಣೆಯನ್ನು ಬೆಚ್ಚಗೆ ಮಾಡಿ ಆರಿಸಿದರೆ ಮೈಸೂರಿನ ಚಳಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಾಸಿಗೆ, ಸೊಳ್ಳೆಪರದೆ, ಮಗುವಿನ ಬಟ್ಟೆ ಎಲ್ಲವೂ ಹೀಟರಿನಿಂದ ಮೂರು ಅಡಿಗಿಂತ ದೂರ ಇರಲಿ. ಹೀಟರ್ ಬೇಡವೆಂದು ಹಿಂದಿನಂತೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಬಾಗಿಲು ಮುಚ್ಚುವುದಂತೂ ಬೇಡವೇ ಬೇಡ. ಕೆಂಡದಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದು ಮಲಗಿದವರನ್ನು ಎಬ್ಬಿಸುವುದೂ ಇಲ್ಲ.

ಪ್ರಶ್ನೆ: ಬಚ್ಚಲುಮನೆಯಲ್ಲಿ ಪ್ಲಗ್ ಇಲ್ಲದ ಕಾರಣ ಎಕ್ಸ್‌ಟೆನ್ಷನ್ ಎಳೆದು ವಾಟರ್ ಹೀಟರ್ ರಾಡಿನಿಂದ ನೀರು ಕಾಯಿಸುತ್ತೇವೆ. ನೀರು ಮುಟ್ಟಿದಾಗ ಜುಮ್ಮೆನ್ನುತ್ತದೆ. ರಾಡ್ ಬದಲಿಸಿದರೆ ಸಾಕೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸಾಲದು. ರಾಡಿನಿಂದ ನೀರಿಗೆ ಕರೆಂಟ್ ಸೋರುತ್ತಿದೆ, ಅದು ಭೂಮಿಗೆ ಇಳಿಯಲು ನಿಮ್ಮ ಅರ್ಥಿಂಗ್ ದಾರಿ ಕೊಡುತ್ತಿಲ್ಲ. ಹಾಗಾಗಿ ನಿಮ್ಮ ದೇಹದ ಮೂಲಕ ಇಳಿಯುತ್ತಿದೆ. ರಾಡನ್ನು ಎಸೆದು, ಮನೆಯ ಅರ್ಥಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಯಾವ ಕಾರಣಕ್ಕೂ ಇರಬಾರದು. ಹೊಸ ರಾಡ್ ತಂದರೂ ಒಣಗಿದ ಜಾಗದ ಪವರ್ ಪಾಯಿಂಟಿಗೇ ನೇರವಾಗಿ ಹಾಕಿ ನೀರು ಕಾಯಿಸಿ, ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದ ಮೇಲೆಯೇ ನೀರಿಗೆ ಕೈಯಿಡಿ.