ಕುರ್ಚಿ ಬಿಟ್ಟು ನಿಲ್ಲಲಿ ಅಂತೀರಾ, ಮೇಷ್ಟ್ರೇ?

(ಕಳೆದ ಸಂಚಿಕೆಯಲ್ಲಿ ಬಂದ ಅಮೆರಿಕ ಚುನಾವಣೆಯ ಲೇಖನ ಓದಿ ಚನ್ನಪಟ್ಟಣದ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ: “ಸರ್ಕಾರಿ ಶಾಲೆ ಮೇಷ್ಟ್ರು ಚುನಾವಣೆಗೆ ನಿಲ್ಲಬೇಕಾದರೆ ಕೆಲಸ ಬಿಡಬೇಕು. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರು, ಅಂದರೆ ಸೆನೆಟರ್‌ಗಳು, ಮಾತ್ರ ವರ್ಷಗಟ್ಟಲೆ ಪ್ರಚಾರಕ್ಕೆ ಊರೂರು ಸುತ್ತುತ್ತಾ, ಸದನಕ್ಕೆ ಚಕ್ಕರ್ ಹೊಡೆದು, ಸಂಬಳ ತಗೊಳ್ತಾರೆ. ಅಧ್ಯಕ್ಷ ಹುದ್ದೆಗೆ ನಿಲ್ಲುವವರು ಮೊದಲು ರಾಜೀನಾಮೆ ಕೊಡಬೇಕು ಅಂತ ಕಾನೂನು ಮಾಡಬಾರದೇಕೆ? ಹಾಗೆ ಬಿಟ್ಟು ನಿಂತು ಗೆದ್ದವರು ಒಬ್ಬರಾದರೂ ಇದ್ದಾರಾ?”)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಸಿಟ್ಟಿನ ಮೂಲ ವಾಷಿಂಗ್ಟನ್‌ನಲ್ಲಿ ಮಾತ್ರ ಇಲ್ಲ ಅಂತ ನನ್ನ ಅನುಮಾನ. 2023ರ ಮೇನಲ್ಲಿ ನಿಮ್ಮ ಕ್ಷೇತ್ರ ಎಚ್.ಡಿ. ಕುಮಾರಸ್ವಾಮಿ ಅವರನ್ನು ಶಾಸಕರಾಗಿ ಆರಿಸಿತು. ಮರುವರ್ಷ ಅವರು ಶಾಸಕರಾಗಿದ್ದುಕೊಂಡೇ ಮಂಡ್ಯದಿಂದ ಲೋಕಸಭೆಗೆ ನಿಂತು ಗೆದ್ದರು. ನವೆಂಬರ್‌ನಲ್ಲಿ ನೀವು ಮತ್ತೆ ಮತಗಟ್ಟೆ ಮುಂದೆ ಸಾಲು ನಿಲ್ಲಬೇಕಾಯಿತು. ಅದೇ ದಿನ ಶಿಗ್ಗಾವಿಯಲ್ಲೂ ಸಂಡೂರಿನಲ್ಲೂ ಇದೇ ಕಾರಣಕ್ಕೆ ಉಪಚುನಾವಣೆ ನಡೆಯಿತು. ಸಿಟ್ಟು ಬರುವುದು ಸಹಜ.

ಆದರೂ ರಾಜೀನಾಮೆಯನ್ನು ಕಾನೂನು ಮಾಡಬೇಕು ಅನ್ನುವಲ್ಲಿ ನಾನು ನಿಮ್ಮ ಜೊತೆ ಇಲ್ಲ.

ಮೇಷ್ಟ್ರಿಗೊಂದು ನ್ಯಾಯ, ಸೆನೆಟರ್‌ಗೊಂದು ನ್ಯಾಯವಾ ಅಂತ ಕೇಳಿದ್ದೀರಿ. ಅಮೆರಿಕದಲ್ಲೂ ಈ ಭೇದ ಇದೆ. ಅಲ್ಲಿನ ಕೇಂದ್ರ ಸರ್ಕಾರಿ ನೌಕರರು ಪಕ್ಷದ ಅಭ್ಯರ್ಥಿಯಾಗಿ ನಿಲ್ಲುವಂತಿಲ್ಲ. ಅದಕ್ಕೆ 1939ರ ಹ್ಯಾಚ್ ಕಾಯ್ದೆ ಅಡ್ಡ ಬರುತ್ತದೆ. ನೌಕರ ಯಾವ ಪಕ್ಷಕ್ಕೂ ಸೇರಿದವನಾಗಿ ಕಾಣಬಾರದು ಅನ್ನುವುದು ಅದರ ಆಶಯ. ಸೆನೆಟರ್ ಪಕ್ಷದ ಮನುಷ್ಯ ಅಂತ ಗೊತ್ತಿದ್ದೇ ಜನ ಅವರನ್ನು ಆರಿಸಿರುತ್ತಾರೆ. ಹಾಗಾಗಿ ಈ ಹೋಲಿಕೆ ಪೂರ್ತಿ ಕೂಡುವುದಿಲ್ಲ.

ನನ್ನ ನಿಜವಾದ ತಕರಾರು ಬೇರೆ. ರಾಜೀನಾಮೆ ಕೊಟ್ಟ ಮೇಲೆ ಆ ಖಾಲಿ ಕುರ್ಚಿಗೆ ಯಾರು ಬರುತ್ತಾರೆ? ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸೆನೆಟ್ ಸ್ಥಾನ ತೆರವಾದರೆ ಸದ್ಯಕ್ಕೊಬ್ಬರನ್ನು ನೇಮಿಸುವ ಅಧಿಕಾರ ಗವರ್ನರ್ (ಅಲ್ಲಿ ಜನರೇ ಆರಿಸಿದ ರಾಜ್ಯ ಸರ್ಕಾರದ ಮುಖ್ಯಸ್ಥ) ಕೈಯಲ್ಲಿರುತ್ತದೆ. ಗವರ್ನರ್ ಎದುರು ಪಕ್ಷದವರಾಗಿದ್ದರೆ? ಅಲ್ಲಿಂದ ನೀತಿಯ ಮಾತು ನಿಂತು ಲೆಕ್ಕಾಚಾರ ಶುರುವಾಗುತ್ತದೆ.

2004ರ ಮ್ಯಾಸಚೂಸೆಟ್ಸ್ ಕಥೆ ಕೇಳಿ. ಡೆಮಾಕ್ರಟಿಕ್ ಸೆನೆಟರ್ ಜಾನ್ ಕೆರಿ ಅಧ್ಯಕ್ಷ ಹುದ್ದೆಗೆ ನಿಂತರು. ಆ ವರ್ಷ ಸೆನೆಟ್‌ನ ಬಹುಪಾಲು ಮತದಾನಕ್ಕೆ ಅವರು ಬರಲೇ ಇಲ್ಲ. ಗವರ್ನರ್ ಮಿಟ್ ರಾಮ್ನಿ ರಿಪಬ್ಲಿಕನ್. ಕೆರಿ ಹೊರಟರೆ ಆ ಜಾಗಕ್ಕೆ ತಮ್ಮವರನ್ನು ಕೂರಿಸಬಹುದಿತ್ತು. ಕೆರಿ ರಾಜೀನಾಮೆ ಕೊಡಲಿ ಅನ್ನುವ ಕೂಗು ರಿಪಬ್ಲಿಕನ್ನರ ಕಡೆಯಿಂದಲೇ ಎದ್ದಿತು ಅಂತ ಬೇರೆ ಹೇಳಬೇಕಿಲ್ಲ. ಡೆಮಾಕ್ರಟರ ಹಿಡಿತದಲ್ಲಿದ್ದ ರಾಜ್ಯದ ಶಾಸನಸಭೆ ಏನು ಮಾಡಿತು ಗೊತ್ತಾ? ಗವರ್ನರ್‌ಗಿದ್ದ ನೇಮಕದ ಅಧಿಕಾರವನ್ನೇ ಕಿತ್ತುಹಾಕಿತು. ಸ್ಥಾನ ತೆರವಾದರೆ ಚುನಾವಣೆಯೇ ನಡೆಯಲಿ, ಜನರೇ ಆರಿಸಲಿ ಅಂದರು. ಕೇಳಲು ಚೆನ್ನಾಗಿತ್ತು. ಐದು ವರ್ಷ ಕಳೆಯಿತು. 2009ರಲ್ಲಿ ಸೆನೆಟರ್ ಟೆಡ್ ಕೆನಡಿ ತೀರಿಕೊಂಡಾಗ ಗವರ್ನರ್ ಕುರ್ಚಿಯಲ್ಲಿ ಇದ್ದವರು ಡೆಮಾಕ್ರಟ್. ಈಗ ಅದೇ ಪಕ್ಷ ಕಾನೂನನ್ನು ಮತ್ತೆ ತಿದ್ದಿ, ಚುನಾವಣೆ ಆಗುವವರೆಗೆ ಗವರ್ನರೇ ಒಬ್ಬರನ್ನು ನೇಮಿಸಲಿ ಅಂದಿತು. ಯಾರ ಬಾಯಲ್ಲಾದರೂ ‘ರಾಜೀನಾಮೆ’ ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಎರಡು ತಿದ್ದುಪಡಿ.

ಇಲಿನಾಯ್ಸ್ ರಾಜ್ಯದ ಸೆನೆಟರ್ ಆಗಿದ್ದ ಒಬಾಮಾ ವಿಷಯಕ್ಕೆ ಬನ್ನಿ. ಅವರು ಸ್ಪರ್ಧೆ ಘೋಷಿಸಿದ್ದು 2007ರ ಫೆಬ್ರುವರಿಯಲ್ಲಿ, ಚುನಾವಣೆ ನಡೆದದ್ದು 2008ರ ನವೆಂಬರ್‌ನಲ್ಲಿ. ನಿಮ್ಮ ಕಾನೂನು ಇದ್ದಿದ್ದರೆ 2007ರಲ್ಲೇ ಇಲಿನಾಯ್ಸ್ ಗವರ್ನರ್ ರಾಡ್ ಬ್ಲಾಗೊಯೆವಿಚ್ ಅವರ ಕೈಗೆ ಆ ಸೀಟು ಸಿಗುತ್ತಿತ್ತು. ಒಬಾಮಾ ಗೆದ್ದು ಜಾಗ ಬಿಟ್ಟಾಗ ಅದೇ ಸೀಟನ್ನು ಮಾರಾಟಕ್ಕಿಟ್ಟ ಆರೋಪದ ಮೇಲೆ 2008ರ ಡಿಸೆಂಬರ್‌ನಲ್ಲಿ ಬಂಧನವಾದ ಮಹಾನುಭಾವರು ಇವರೇ!

ಇನ್ನೊಂದು ವಿಷಯ. ನಿಂತವರಲ್ಲಿ ಹೆಚ್ಚಿನವರು ಸೋಲುವವರೇ. 2020ರ ಚುನಾವಣೆಗೆ ಡೆಮಾಕ್ರಟಿಕ್ ಟಿಕೆಟ್ ಕೇಳಿದವರಲ್ಲಿ ಹಾಲಿ ಸೆನೆಟರ್‌ಗಳೇ ಏಳು ಮಂದಿ ಇದ್ದರು: ಸ್ಯಾಂಡರ್ಸ್, ವಾರನ್, ಹ್ಯಾರಿಸ್, ಕ್ಲೋಬುಷಾರ್, ಬೂಕರ್, ಜಿಲಿಬ್ರಾಂಡ್, ಬೆನೆಟ್. ಒಬ್ಬರಿಗೂ ಟಿಕೆಟ್ ಸಿಗಲಿಲ್ಲ. ಏಳು ರಾಜ್ಯದ ಜನ ಆರಿಸಿದ ಏಳು ಜನ ಸುಮ್ನೆ ಮನೆಗೆ ಹೋಗಬೇಕಿತ್ತಾ? ನಾಲ್ವರಂತೂ ಆ ವರ್ಷದ ಜನವರಿಯಲ್ಲಿ ಟ್ರಂಪ್ ಮೇಲಿನ ಮಹಾಭಿಯೋಗದ ವಿಚಾರಣೆಗೆ ಸೆನೆಟ್‌ನಲ್ಲಿ ಬಾಯಿ ಮುಚ್ಚಿ ಕೂರಬೇಕಾಯಿತು. ಫೆಬ್ರುವರಿ 3ಕ್ಕೆ ಅಯೋವಾ ರಾಜ್ಯದಲ್ಲಿ ಪಕ್ಷದ ಅಭ್ಯರ್ಥಿ ಆಯ್ಕೆಯ ಮೊದಲ ಸುತ್ತು. ಅದೇ ಟಿಕೆಟ್ ಕೇಳುತ್ತಿದ್ದ, ಸದನದ ಕೆಲಸ ಇಲ್ಲದ ಬೈಡನ್, ಬುಟಿಜಜ್ ಅಲ್ಲಿ ಆರಾಮಾಗಿ ಮತ ಕೇಳುತ್ತಿದ್ದರು. ಕುರ್ಚಿ ಯಾವಾಗಲೂ ಲಾಭವೇ ಅಲ್ಲ ಅನ್ನುವುದಕ್ಕೆ ಹೇಳಿದೆ.

ಗವರ್ನರ್‌ಗಳ ಕಥೆಯೂ ಬೇರೆ ಅಲ್ಲ. ಫ್ಲಾರಿಡಾದಲ್ಲಿ ‘ರಾಜೀನಾಮೆ ಕೊಟ್ಟು ನಿಲ್ಲು’ ಅನ್ನುವ ಕಾನೂನೇ ಇದೆ. 2023ರಲ್ಲಿ ಗವರ್ನರ್ ಡಿಸ್ಯಾಂಟಿಸ್ ಅಧ್ಯಕ್ಷ ಸ್ಪರ್ಧೆಗೆ ಹೊರಟರು. ಅಧ್ಯಕ್ಷ ಹುದ್ದೆಗೆ ನಿಲ್ಲುವವರಿಗೆ ಇದು ಅನ್ವಯಿಸಲ್ಲ ಅಂತ ಆಗಲೇ ತಿದ್ದುಪಡಿ ಆಯಿತು. ಸ್ವತಃ ಅಧ್ಯಕ್ಷರೇ ಎರಡನೇ ಸಲ ನಿಲ್ಲುವಾಗ ಶ್ವೇತಭವನ ಬಿಟ್ಟು ನಿಲ್ಲುವುದಿಲ್ಲವಲ್ಲ!

ಹಾಗಂತ ಚಕ್ಕರ್ ಹೊಡೆಯುವುದು ಸರಿ ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಅಧ್ಯಕ್ಷ ಹುದ್ದೆಯ ಪ್ರಚಾರದಲ್ಲಿದ್ದ ಫ್ಲಾರಿಡಾ ಸೆನೆಟರ್ ಮಾರ್ಕೊ ರೂಬಿಯೊ ಸುಮಾರು ಮೂರರಲ್ಲಿ ಒಂದು ಮತದಾನ ತಪ್ಪಿಸಿಕೊಂಡಿದ್ದರು. ಹಿಂದೆ ಅವರನ್ನು ಬೆಂಬಲಿಸಿದ್ದ ಫ್ಲಾರಿಡಾದ ‘ಸನ್ ಸೆಂಟಿನೆಲ್’ ಪತ್ರಿಕೆಯೇ ಸಂಪಾದಕೀಯ ಬರೆದು, ಕೆಲಸ ಇಷ್ಟ ಇಲ್ಲದಿದ್ದರೆ ಬಿಡಿ ಅಂದಿತು. ಸೆನೆಟರ್ ಸಂಬಳ ವರ್ಷಕ್ಕೆ 1,74,000 ಡಾಲರ್. ಕಾಯಿಲೆಯಂಥ ಕಾರಣ ಇಲ್ಲದೆ ಗೈರಾದವರ ಸಂಬಳ ಹಿಡಿಯಬೇಕು ಅನ್ನುವ 19ನೇ ಶತಮಾನದ ಕಾನೂನು ಅಮೆರಿಕದಲ್ಲಿ ಈಗಾಗಲೇ ಇದೆ. ಅದನ್ನು ಜಾರಿ ಮಾಡಿದರೆ ಸಾಕು ಅಂತೀನಿ ನಾನು. ಬರಲೇಬೇಕಾದ ದಿನ ಅವರು ಬಂದೇ ಬರುತ್ತಾರೆ. 2008ರ ಅಕ್ಟೋಬರ್ 1ರಂದು ಬ್ಯಾಂಕುಗಳನ್ನು ಉಳಿಸುವ 70,000 ಕೋಟಿ ಡಾಲರ್ ಮಸೂದೆ ಬಂದಾಗ ಒಬಾಮಾ, ಅವರ ಎದುರಾಳಿ ಸೆನೆಟರ್ ಮೆಕೇನ್ ಇಬ್ಬರೂ ಪ್ರಚಾರ ಬಿಟ್ಟು ಬಂದು ಮತ ಹಾಕಿದರು.

ಒಂದನ್ನು ಮಾತ್ರ ನಾನೂ ನಿಷೇಧಿಸುತ್ತಿದ್ದೆ: ಒಂದೇ ದಿನ ಎರಡು ಸ್ಥಾನಕ್ಕೆ ಮತ ಕೇಳುವುದು. 1960ರಲ್ಲಿ ತನ್ನ ಸೆನೆಟರ್ ಲಿಂಡನ್ ಜಾನ್ಸನ್ ಅವರಿಗೋಸ್ಕರ ಟೆಕ್ಸಸ್ ಮೊದಲೇ ಕಾನೂನು ಬದಲಿಸಿತ್ತು. ಅವರು ಉಪಾಧ್ಯಕ್ಷ ಸ್ಥಾನ, ಸೆನೆಟ್ ಎರಡನ್ನೂ ಗೆದ್ದು ಸೆನೆಟ್ ಬಿಟ್ಟರು. ಆಮೇಲೆ ಸೆನೆಟರ್‌ಗಳಾಗಿದ್ದ ಬೆಂಟ್ಸನ್, ಲೀಬರ್‌ಮನ್, ಬೈಡನ್ ಎಲ್ಲರೂ ಹಾಗೇ ಒಂದೇ ದಿನ ಎರಡಕ್ಕೂ ನಿಂತರು. ಮತದಾರನಿಗೆ ‘ನನ್ನನ್ನು ಆರಿಸು, ಆಮೇಲೆ ಬಿಟ್ಟು ಹೋದರೂ ಹೋದೆ’ ಅಂದಂತೆ ಆಗಲಿಲ್ಲವಾ? 1964ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಸೆನೆಟ್ ಅವಧಿ ಮುಗಿಯುತ್ತಿದ್ದರೂ ಅಧ್ಯಕ್ಷ ಹುದ್ದೆಗೆ ಮಾತ್ರ ನಿಂತರು, ಸೋತರು, ನಾಲ್ಕು ವರ್ಷ ಬಿಟ್ಟು ಮತ್ತೆ ಗೆದ್ದು ಸೆನೆಟ್‌ಗೆ ಬಂದರು. ಅವರ ರಾಜಕೀಯ ನನಗೆ ಒಗ್ಗದು, ಆದರೆ ಅದು ಮರ್ಯಾದೆಯ ನಡೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಬಿಟ್ಟು ನಿಂತವರು ಅಂದರೆ ಎಲ್ಲರೂ ಹೇಳುವ ಹೆಸರು ಬಾಬ್ ಡೋಲ್. ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ ಪಕ್ಷದ ನಾಯಕರಾಗಿದ್ದ ಅವರು 1996ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಇನ್ನು ಶ್ವೇತಭವನಕ್ಕೆ, ಇಲ್ಲವೇ ಮನೆಗೆ ಅಂದರು. ತ್ಯಾಗ ಹೌದು. ಆದರೆ ಸದನದಲ್ಲಿ ಡೆಮಾಕ್ರಟರು ಅವರನ್ನು ಕಟ್ಟಿಹಾಕಿದ್ದೂ ಹೌದು, ಅವರ ರಾಜ್ಯ ಕ್ಯಾನ್ಸಸ್‌ನ ಗವರ್ನರ್ ಅವರದೇ ಪಕ್ಷದವರಾಗಿದ್ದದ್ದೂ ಹೌದು. ಕ್ಲಿಂಟನ್ ಎದುರು ಸೋತು ಮನೆಗೇ ಹೋದರು. ಸೆನೆಟ್‌ನಿಂದ ನೇರ ಅಧ್ಯಕ್ಷರಾದ ಮೂವರು, ಅಂದರೆ ಹಾರ್ಡಿಂಗ್, ಕೆನಡಿ, ಒಬಾಮಾ, ಗೆಲ್ಲುವವರೆಗೂ ಕುರ್ಚಿ ಬಿಟ್ಟಿರಲಿಲ್ಲ.

ಬಿಟ್ಟು ಗೆದ್ದವರು ಬೇಕೆಂದರೆ ಆ್ಯಂಡ್ರೂ ಜಾಕ್ಸನ್ ಹತ್ತಿರ ಹೋಗಬೇಕು. ಟೆನೆಸಿಯ ಶಾಸನಸಭೆ ಅಧ್ಯಕ್ಷ ಹುದ್ದೆಗೆ ಅವರ ಹೆಸರು ಸೂಚಿಸಿದ ಕೂಡಲೇ, 1825ರ ಅಕ್ಟೋಬರ್‌ನಲ್ಲಿ ಸೆನೆಟ್ ಬಿಟ್ಟರು. ಮೂರು ವರ್ಷ ಕಾದು 1828ರಲ್ಲಿ ಗೆದ್ದರು. ಆಗಿನ ಸೆನೆಟರ್‌ಗಳನ್ನು ಆರಿಸುತ್ತಿದ್ದದ್ದು ಜನರಲ್ಲ, ರಾಜ್ಯದ ಶಾಸನಸಭೆ. ಕುರ್ಚಿ ಕೊಟ್ಟವರೇ ‘ಅದನ್ನು ಬಿಟ್ಟು ದೊಡ್ಡದಕ್ಕೆ ನಿಲ್ಲು’ ಅಂದಿದ್ದರು.

— ಸಂಪಾದಕ